ಮೂವತ್ತೊಂದನೇ ನಂಬರಿನ ಡಬ್ಬಿ

ಜನವರಿ 12

ಅಪ್ಪ,

ನಿನ್ನ ಮೊದಲ ಡಬ್ಬಿ ಮಂಗಳವಾರ ಲ್ಯಾಬಿಗೆ ಬಂತು. ಐಸ್ ಪೆಟ್ಟಿಗೆಯೊಳಗೆ ನಲವತ್ತು ಡಬ್ಬಿ, ಯಾವುದರ ಮೇಲೂ ಹೆಸರಿಲ್ಲ, ಬರೀ ನಂಬರು. ಮೂವತ್ತೊಂದು ಯಾರದು ಎಂದು ನನಗೆ ಗೊತ್ತಿರಬಾರದು. ಆದರೆ ಮುಚ್ಚಳದ ಮೇಲಿನ ಟೇಪನ್ನು ಯಾರೋ ಸ್ಕೇಲಿಟ್ಟು ಕತ್ತರಿಸಿ, ಮೂಲೆ ಮಡಚಿ ಅಂಟಿಸಿದ್ದರು. ಕಫದ ಡಬ್ಬಿಗೆ ಇಷ್ಟು ಶಿಸ್ತು ಮಾಡುವವನು ಈ ಭೂಮಿಯ ಮೇಲೆ ಒಬ್ಬನೇ.

"ಅದರಲ್ಲಿ ನೋಡೋಕೆ ಏನಿದೆಯಮ್ಮ" ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಆರೋಗ್ಯವಂತರ ಶ್ವಾಸನಾಳದ ಲೋಳೆಯಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ನೀರು. ಉಳಿದ ಎರಡು ಪಾಲಿನಲ್ಲಿ ಉಪ್ಪು, ಕೊಬ್ಬು ಇತ್ಯಾದಿಗಳ ಜೊತೆ ಮ್ಯೂಸಿನ್ ಎನ್ನುವ ಪ್ರೋಟೀನು ಇರುತ್ತದೆ. ಅದು ಉದ್ದನೆಯ ದಾರ; ಬಾಟಲಿ ತೊಳೆಯುವ ಬ್ರಶ್ಶಿನಂತೆ ಅದರ ಮೈತುಂಬ ಸಕ್ಕರೆಯ ಎಳೆಗಳು. ಆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಾರದ ತುದಿಗೆ ದಾರ ಸೇರಿ ಬಲೆಯಾಗುತ್ತದೆ, ಧೂಳು ಅದಕ್ಕೆ ಬೀಳುತ್ತದೆ, ಕೆಳಗಿರುವ ಸಣ್ಣ ರೋಮಗಳು ಬಡಿದು ಬಡಿದು ಅದನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಮ್ಯೂಸಿನ್ ಹೆಚ್ಚಿ ನೀರು ಸಾಲದೇ ಹೋದರೆ ಬಲೆ ಮಂದವಾಗಿ ಆ ರೋಮಗಳ ಮೇಲೆಯೇ ಕುಕ್ಕರಿಸುತ್ತದೆ. ಆಮೇಲೆ ಒಳಗೆ ಕಸ ಗುಡಿಸುವವರಿರುವುದಿಲ್ಲ.

ಮ್ಯೂಸಿನ್‌ಗಳಲ್ಲಿ ನಾವು ಎರಡನ್ನು ಅಳೆಯುತ್ತೇವೆ. 'ಬಿ' ದಿನದ ಕೆಲಸದ್ದು, ಎಲ್ಲರಲ್ಲೂ ಇರುತ್ತದೆ. 'ಎಸಿ' ಹೊಗೆ, ಬಣ್ಣದ ಆವಿ ಕುಡಿದವರಲ್ಲಿ ಹೆಚ್ಚುತ್ತದೆ. ಒಟ್ಟು ಗಟ್ಟಿ ಪದಾರ್ಥ ಎಷ್ಟು ಎನ್ನುವುದೇ ಮುಖ್ಯ ಅಂಕಿ. ನೂರಕ್ಕೆ ಎರಡಿರಬೇಕಾದ ಕಡೆ ನಿನ್ನದು 6.1. ಈ ಅಧ್ಯಯನದಲ್ಲಿ ನಿಮಗೆಲ್ಲ ಕೊಡುತ್ತಿರುವ ಹೊಸ ಔಷಧದಿಂದ ಆಗಸ್ಟಿನ ಹೊತ್ತಿಗೆ ನಾಲ್ಕರ ಕೆಳಗೆ ಇಳಿಯಬೇಕು. ಇಳಿಯದವರನ್ನು ಮೂರು ವಾರ ಆಸ್ಪತ್ರೆಗೆ ಸೇರಿಸಿ ಇನ್ನೂ ಬಲವಾದ ಚಿಕಿತ್ಸೆ ಕೊಡುತ್ತಾರೆ.

ಔಷಧ ಹೊತ್ತಿಗೆ ಸರಿಯಾಗಿ ಎಳೆದುಕೋ.

ನಿನ್ನ ಮಗಳು


ಫೆಬ್ರವರಿ 2

ನನ್ನ ಪ್ರಶ್ನೆಮರಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನಿನಲ್ಲಿ ನಾಲ್ಕು ಮಾತಾಡಿದರೆ ಎಂಟು ಸಲ ಕೆಮ್ಮಬೇಕು. ನೀನು ಆ ಕಡೆ ಕೆಮ್ಮನ್ನೇ ಎಣಿಸುತ್ತ ಕೂರುತ್ತೀಯೇ ಹೊರತು ಹೇಳಿದ್ದು ಕೇಳಿಸಿಕೊಳ್ಳುವುದಿಲ್ಲ. ಕಾಗದವೇ ವಾಸಿ. ಸುಸ್ತಾದರೆ ಪೆನ್ನು ಕೆಳಗಿಟ್ಟು, ಉಸಿರು ಬಂದ ಮೇಲೆ ಮತ್ತೆ ಶುರು ಮಾಡಬಹುದು. ನಿನಗೆ ಗೊತ್ತೂ ಆಗುವುದಿಲ್ಲ.

ನಿನ್ನ ಪಾಠವನ್ನು ಎರಡು ಸಲ ಓದಿ, ನಿನ್ನ ಅತ್ತೆಗೂ ಓದಿ ಹೇಳಿದೆ. ಅವಳು ಹೊಲಿಗೆ ಮೆಷಿನ್ ನಿಲ್ಲಿಸದೆಯೇ ಕೇಳಿ, "ಅಂದ್ರೆ ನಿನ್ನೊಳಗೆ ಗುಡಿಸೋರು ಮುಷ್ಕರ ಹೂಡಿದಾರೆ ಅನ್ನು" ಎಂದಳು. ಅಷ್ಟು ಅರ್ಥವಾಯಿತಲ್ಲ. ನಲವತ್ತು ವರ್ಷ ಕಾರು ಲಾರಿಗಳಿಗೆ ಬಣ್ಣ ಹೊಡೆಯುವಾಗ ಮೂಗಿಗೊಂದು ಕರ್ಚೀಫು ಕಟ್ಟಿದರೆ ಸಾಕು ಎಂದುಕೊಂಡಿದ್ದೆವು. ಸಂಜೆ ಮೂಗು ಸೀಟಿದರೆ ಆವತ್ತಿನ ಗಾಡಿಯ ಬಣ್ಣ ಬರುತ್ತಿತ್ತು. ಗ್ಯಾರೇಜಿನವರೆಲ್ಲ ತೋರಿಸಿಕೊಂಡು ನಗುತ್ತಿದ್ದೆವು.

ಒಂದು ಸಂಕೋಚದ ಮಾತು. ನನ್ನ ಕಫ ನಿನ್ನ ಕೈಗೆ ಬರುತ್ತದೆ ಎಂದರೆ ಮುಜುಗರವಾಗುತ್ತದೆ. ನೀನು ಚಿಕ್ಕವಳಿದ್ದಾಗ ನಿನ್ನ ಮೂಗನ್ನು ನಾನು ಒರೆಸಿದ್ದೇನೆ, ನಿಜ. ಅದು ಅಪ್ಪನ ಕೆಲಸ. ಇದು ಮಗಳ ಕೆಲಸವಾಗಬಾರದಿತ್ತು. ಕೈಗವಸು ಹಾಕಿಕೊಳ್ಳುತ್ತೀಯ ತಾನೇ?

ನಿನ್ನ ಅಪ್ಪ


ಫೆಬ್ರವರಿ 21

ಅಪ್ಪ,

ಹಾಕಿಕೊಳ್ಳುತ್ತೇನೆ, ಒಂದರ ಮೇಲೊಂದು ಎರಡೆರಡು. ಇವತ್ತು ನಿನ್ನ ಮೇಲೆಯೇ ದೂರು.

ಪಿಪೆಟ್ ಎನ್ನುವ ಸಣ್ಣ ಕೊಳವೆಯಲ್ಲಿ ಕಫವನ್ನು ಹೀರಿ, ತಟ್ಟೆಗೆ ಹಾಕಿ, ತೂಗಿ, ಒಣಗಿಸಿ, ಮತ್ತೆ ತೂಗಬೇಕು. ನಿನ್ನದು ಕೊಳವೆಯೊಳಗೆ ಬರಲೇ ಒಲ್ಲದು. ಹೇಗೋ ಬಂದದ್ದು ಆಮೇಲೆ ಹೊರಗೆ ಹೋಗಲೊಲ್ಲದು. ಎಳೆದರೆ ಡಬ್ಬಿಯೇ ಮೇಲೆದ್ದು ಬಂತು. ಹನ್ನೊಂದು ಪಿಪೆಟ್ ತುದಿಗಳು ಹಾಳಾದವು, ಒಂದು ಯಂತ್ರ ಕಟ್ಟಿಕೊಂಡಿತು, ಅದನ್ನು ಬಿಚ್ಚಿ ತೊಳೆಯುವಷ್ಟರಲ್ಲಿ ಮಧ್ಯಾಹ್ನ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಎಲ್ಲರೆದುರು "ಇನ್ನೂ ಕೈ ಕುದುರಿಲ್ವಾ ನಿಮಗೆ" ಎಂದರು. ಪಕ್ಕದ ಮೇಜಿನವನು ಮೂವತ್ತೊಂದಕ್ಕೆ 'ಗೋಂದು' ಎಂದು ಹೆಸರಿಟ್ಟಿದ್ದಾನೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೈ ತೊಳೆಯಲು ಹೋದವಳಿಗೆ ಸುಮ್ಮಸುಮ್ಮನೆ ಅಳು ಬಂತು.

ಅಂಕಿ 6.3. ಇದು ಇನ್ನೂ ಶುರು, ಚಿಂತೆ ಮಾಡಬೇಡ. ಗೋಂದಿನ ಕಥೆ ತಮಾಷೆಗೆ ಬರೆದದ್ದು.

ನಿನ್ನ ಮಗಳು


ಮಾರ್ಚ್ 9

ಪ್ರಶ್ನೆಮರಿ,

ಗೋಂದು ಎಂಬ ಹೆಸರು ನಿನ್ನ ಅತ್ತೆಗೆ ಬಹಳ ಹಿಡಿಸಿದೆ. ಬೆಳಿಗ್ಗೆಯಿಂದ ನನ್ನನ್ನು ಹಾಗೆಯೇ ಕರೆಯುತ್ತಿದ್ದಾಳೆ.

ನನ್ನ ದೆಸೆಯಿಂದ ನೀನು ನಾಲ್ಕು ಜನರ ಮುಂದೆ ಮಾತು ಕೇಳುವ ಹಾಗಾಯಿತು. ಮೊದಲ ವರ್ಷ ನಾನೂ ಸ್ಪ್ರೇ ಗನ್ ಕಟ್ಟಿಸಿ ಮೇಸ್ತ್ರಿಯಿಂದ ಬೈಸಿಕೊಂಡವನೇ. ಆ ದಿನಗಳಲ್ಲಿ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ವಾಪಸ್ಸು ತರುತ್ತಿದ್ದೆ. ಇನ್ನು ಮುಂದೆ ನಿನಗೆ ಅಷ್ಟು ತೊಂದರೆಯಾಗದು ಬಿಡು. ಈ ತಿಂಗಳ ಡಬ್ಬಿಯನ್ನು ಅತ್ತೆ ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಕೊಟ್ಟು ಬಂದಿದ್ದಾಳೆ.

ಮೇಡಂ ಆಮೇಲಾದರೂ ಸರಿಯಾಗಿ ಮಾತಾಡಿದರಾ?

ಅಪ್ಪ


ಏಪ್ರಿಲ್ 18

ಅಪ್ಪ,

ಕೂತುಕೊಂಡು ಓದು. 3.9.

ಮಾರ್ಚಿನಲ್ಲಿ 4.2 ಬಂದಾಗಲೇ ಬರೆಯಬೇಕು ಎಂದು ಕೈ ತುರಿಸಿತು. ಒಂದೇ ಸಲ ಬಂದ ಅಂಕಿಯನ್ನು ನಂಬಬಾರದು ಎಂದು ತಡೆದುಕೊಂಡೆ. ಈಗ ಎರಡನೇ ಸಲವೂ ಇಳಿದಿದೆ. ಡಬ್ಬಿಯೂ ಮೊದಲಿಗಿಂತ ತುಂಬಿರುತ್ತದೆ. ಸಡಿಲವಾದ ಕಫ ಸಲೀಸಾಗಿ ಹೊರಬರುತ್ತಿದೆ ಎಂದು ಅರ್ಥ. ಪಿಪೆಟ್‌ನಲ್ಲಿ ಹೀರಿದರೆ ಸರಾಗವಾಗಿ ಬರುತ್ತದೆ, ಗೋಂದು ಎನ್ನುವ ಹೆಸರು ಎಲ್ಲರಿಗೂ ಮರೆತೇಹೋಗಿದೆ. ಮೇಡಂ ಕಾಗದ ನೋಡಿ, ಎಸಿಗೂ ಬಿಗೂ ನಡುವಿನ ಪ್ರಮಾಣ ಮಾತ್ರ ಮೊದಲಿನಂತೆಯೇ ಇದೆಯಲ್ಲ ಎಂದರು. "ಒಟ್ಟು ಇಳಿದಿದೆಯಲ್ಲ ಮೇಡಂ, ಅದು ನಿಧಾನಕ್ಕೆ ಬದಲಾಗುತ್ತೆ" ಎಂದೆ. ಒಪ್ಪಿಕೊಂಡರು.

ಮೇ ತಿಂಗಳಲ್ಲಿ ಬರುತ್ತೇನೆ ಎಂದಿದ್ದೆ. ನೀನು ಹೀಗೆಯೇ ಸುಧಾರಿಸುತ್ತಿದ್ದರೆ ರಜೆಯನ್ನು ಸೆಪ್ಟೆಂಬರಿಗೆ ಹಾಕಿ, ಒಟ್ಟಿಗೆ ಮೂರು ವಾರ ಇರುತ್ತೇನೆ. ಏನಂತೀಯ?

ನಿನ್ನ ಮಗಳು


ಮೇ 6

ಪ್ರಶ್ನೆಮರಿಗೆ,

ಸೆಪ್ಟೆಂಬರೇ ಒಳ್ಳೆಯದು. ಈಗ ಸೆಕೆ, ನಿನಗೆ ಆಗುವುದಿಲ್ಲ.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸಮ್ಮನಿಗೆ ತೋರಿಸಿದೆ, ಕಾಯುತ್ತ ಕೂತಿದ್ದವರಿಗೂ ತೋರಿಸಿದೆ. ಮೊದಲ ಮಹಡಿಗೆ ಹತ್ತುವಾಗ ನಡುವೆ ಒಂದು ಸಲ ಕೂರಬೇಕಾಯಿತು. ಆ ಮೆಟ್ಟಿಲುಗಳು ಹಳೆಯವು, ಎತ್ತರ ಜಾಸ್ತಿ. ಅದಕ್ಕೂ ನನ್ನ ಎದೆಗೂ ಸಂಬಂಧವಿಲ್ಲ.

ಒಂದು ಕೇಳಲೇ? ಅಂಕಿ ಇಳಿದಿದೆ ಎಂದರೆ ಮೈಗೆ ಗೊತ್ತಾಗಲು ಎಷ್ಟು ದಿನ ಬೇಕು? ಅವಸರವೇನಿಲ್ಲ, ಸುಮ್ಮನೆ ಕೇಳಿದೆ.

ಅಪ್ಪ


ಜುಲೈ 14

ಅಪ್ಪ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ, ಡಬ್ಬಿ ಮಾತ್ರ ತಪ್ಪದೆ ಬರುತ್ತಿದೆ. ಮೇ 3.6, ಜೂನ್ 3.3, ಈ ತಿಂಗಳು 3.0. ನಲವತ್ತು ಜನರಲ್ಲಿ ಇಷ್ಟು ಚೆನ್ನಾಗಿ ಇಳಿದವರು ಇನ್ನೊಬ್ಬರಿಲ್ಲ. ಮೇಡಂ ನಿನ್ನ ಗೆರೆಯನ್ನು ಪರದೆಯ ಮೇಲೆ ಹಾಕಿ ಬೇರೆ ಲ್ಯಾಬಿನವರಿಗೆ ತೋರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು, ಇದು ನಮ್ಮಪ್ಪ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮೈಗೆ ಗೊತ್ತಾಗಲು ಎಷ್ಟು ದಿನ ಎಂದು ಕೇಳಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಥರ. ತಾಳ್ಮೆ ಇರಲಿ. ಎರಡೇ ಸಾಲಾದರೂ ಬರೆ.

ನಿನ್ನ ಮಗಳು


ಆಗಸ್ಟ್ 22

ಅಪ್ಪ,

ಇವತ್ತು ಬೆಳಿಗ್ಗೆ ನಿನ್ನ ಎದೆ ಡಾಕ್ಟರು ನನಗೇ ಫೋನ್ ಮಾಡಿದರು. ಎದೆಯ ಸದ್ದು ಅವರಿಗೆ ಹಿಡಿಸಲಿಲ್ಲವಂತೆ, ಸೇರಿಸಿಬಿಡೋಣವಾ ಎಂದು ಕೇಳಿದರು. ಈ ತಿಂಗಳ ಅಂಕಿ 2.9, ಹೆಚ್ಚುಕಡಿಮೆ ಆರೋಗ್ಯವಂತರದ್ದು ಎಂದು ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. ಅಂಕಿ ನಾಲ್ಕರ ಕೆಳಗಿದ್ದರೆ ಸೇರಿಸುವ ನಿಯಮವಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದೆ. ಒಪ್ಪಿದರು.

ಸೆಪ್ಟೆಂಬರ್ ಇಪ್ಪತ್ತಕ್ಕೆ ಟಿಕೆಟ್ ಮಾಡಿಸಿದ್ದೇನೆ.

ನಿನ್ನ ಮಗಳು


ಸೆಪ್ಟೆಂಬರ್ 5

ಪುಟ್ಟಿ,

ನಾನು ಅತ್ತೆ. ಫೋನ್ ಮಾಡಿದರೆ ನಿಮ್ಮಪ್ಪನಿಗೆ ಕೇಳಿಸುತ್ತದೆ, ಈ ಮನೆಯಲ್ಲಿ ಗೋಡೆಗಳು ಹೆಸರಿಗೆ ಮಾತ್ರ. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಹೊಂದಿಸಿಕೊಂಡು ಓದು.

ಅಣ್ಣ ಚೆನ್ನಾಗಿಲ್ಲ. ಜೂನಿನಿಂದ ಮಲಗಲು ಆಗುತ್ತಿಲ್ಲ, ದಿಂಬಿಗೆ ಒರಗಿ ಕೂತೇ ಇರುತ್ತಾನೆ. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ನಡುವೆ ನಿಲ್ಲುತ್ತಾನೆ. ಅವನ ಅಂಗಿಗಳನ್ನು ಮೂರು ಸಲ ಒಳಗೆ ಹಿಡಿದಿದ್ದೇನೆ, ಇನ್ನು ಹಿಡಿಯಲು ಬಟ್ಟೆ ಇಲ್ಲ. ನಿನಗೆ ಬರೆಯುತ್ತೇನೆ ಎಂದರೆ, "ಸುಮ್ನಿರು, ಅವಳ ಅಂಕಿ ಇಳೀತಾ ಇದೆ, ನಂಗೆ ತಿಳಿಯೋದಕ್ಕಿಂತ ಅವಳಿಗೆ ಜಾಸ್ತಿ ತಿಳಿಯತ್ತೆ" ಎನ್ನುತ್ತಾನೆ. ನಾನೂ ನಂಬಿದೆ. ಓದಿದವಳು ನೀನು.

ಇನ್ನೊಂದು ವಿಷಯ. ಇದು ನಿನಗೆ ಗೊತ್ತಿದೆಯೋ ಇಲ್ಲವೋ ಎಂದು ನಿನ್ನೆಯಿಂದ ತಲೆ ತಿನ್ನುತ್ತಿದೆ. ನೀನು ಬೈಸಿಕೊಂಡದ್ದನ್ನು ಬರೆದೆಯಲ್ಲ, ಅದಾದ ಮೇಲೆ ಅಣ್ಣ ಪ್ರತಿ ತಿಂಗಳೂ ಡಬ್ಬಿಗೆ ಕಾಯಿಸಿ ಆರಿಸಿದ ನೀರು ಹಾಕುತ್ತಾನೆ. ಬಣ್ಣ ಕಲಸುವ ಹಾಗೆ ಕಡ್ಡಿಯಿಂದ ಕಲಸಿ, ಕಡ್ಡಿ ಎತ್ತಿ, ತೊಟ್ಟಿಕ್ಕುವುದನ್ನು ನೋಡಿ, ಸಾಲದಿದ್ದರೆ ಇನ್ನಷ್ಟು ಹಾಕುತ್ತಾನೆ. "ಮಗು ಕೈಗೆ ಸಲೀಸಾಗಿ ಬರ್ಲಿ" ಎನ್ನುತ್ತಾನೆ. ಹೋದ ತಿಂಗಳು ಹಾಕಿದ್ದು ನೋಡಿ, ಇಷ್ಟೊಂದು ನೀರಾ ಅನಿಸಿತು. ಇದರಿಂದ ಏನೂ ಆಗುವುದಿಲ್ಲ ತಾನೇ?

ಅತ್ತೆ


ಸೆಪ್ಟೆಂಬರ್ 8

ಮಾನ್ಯ ಮೇಡಂ ಅವರಿಗೆ,

ತುರ್ತಾಗಿ ಊರಿಗೆ ಹೋಗಬೇಕಾಗಿದೆ. ಇಂದಿನಿಂದ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.

ಮೂವತ್ತೊಂದನೇ ನಂಬರಿನವರು ನನ್ನ ತಂದೆ. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು, ತಮಗೆ ಹೇಳಲಿಲ್ಲ. ಮಾರ್ಚಿನಿಂದ ಆಗಸ್ಟಿನವರೆಗೆ ಆ ಡಬ್ಬಿಗಳಲ್ಲಿ ನೀರು ಬೆರೆತಿತ್ತು ಎಂದು ಈಗ ತಿಳಿದುಬಂದಿದೆ. ಬೆರೆಸಿದವರಿಗೆ ಅದರ ಪರಿಣಾಮ ಗೊತ್ತಿರಲಿಲ್ಲ. ನನಗೆ ಗೊತ್ತಾಗಬೇಕಿತ್ತು. ಔಷಧ ಹಿಡಿದಿದ್ದರೆ ಎಸಿ ಹೆಚ್ಚು ಇಳಿಯಬೇಕಿತ್ತು; ನೀರು ಹಾಕಿದರೆ ಎಸಿಯೂ ಬಿಯೂ ಸಮನಾಗಿ ಕಡಿಮೆಯಾಗುತ್ತವೆ, ಎರಡರ ನಡುವಿನ ಪ್ರಮಾಣ ಕದಲುವುದಿಲ್ಲ. ಆರು ತಿಂಗಳೂ ಅದು ಕದಲದೇ ಇದ್ದದ್ದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೇನೆ. ತಾವು ಏಪ್ರಿಲಿನಲ್ಲಿ ಕೇಳಿದಾಗ ಉತ್ತರವನ್ನೂ ಕೊಟ್ಟಿದ್ದೇನೆ. ಬೇರೆ ಯಾರದೇ ಡಬ್ಬಿಯಾಗಿದ್ದರೆ ಮೊದಲ ತಿಂಗಳೇ ಸಂಶಯಪಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಿದ್ದೆ.

ತಾವು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧಳಾಗಿದ್ದೇನೆ.

ತಮ್ಮ ವಿಶ್ವಾಸಿ,
ನಾಲ್ಕನೇ ಮೇಜಿನ ಸಹಾಯಕಿ


ಸೆಪ್ಟೆಂಬರ್ 17, ವಾರ್ಡಿನಿಂದ

ಪ್ರಶ್ನೆಮರಿ,

ನೀನು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೀಯ, ಕತ್ತು ವಾಲಿದೆ. ಎಬ್ಬಿಸಲು ಮನಸ್ಸಿಲ್ಲ. ಮುಖಕ್ಕೆ ಈ ಮಾಸ್ಕ್ ಕಟ್ಟಿರುವುದರಿಂದ ಮಾತೂ ಬರುವುದಿಲ್ಲ, ಅದಕ್ಕೇ ನರ್ಸಮ್ಮನ ಹತ್ತಿರ ಕಾಗದ ಕೇಳಿ ಬರೆಯುತ್ತಿದ್ದೇನೆ.

ಬಂದು ಎಂಟು ದಿನವಾದರೂ ನೀನು ಬಾಯಿ ಬಿಡಲಿಲ್ಲ. ಅತ್ತೆ ಹೇಳಿದಳು, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೀರು ಹಾಕಿ ನಿನ್ನ ಲೆಕ್ಕವನ್ನೆಲ್ಲ ಕೆಡಿಸಿದೆ. ಥಿನ್ನರ್ ಹಾಕಿದರೆ ಬಣ್ಣ ಬದಲಾಗುವುದಿಲ್ಲ, ಅದು ಆರಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಇದೂ ಹಾಗೆಯೇ ಎಂದುಕೊಂಡೆ. ನೀನು ನೀರಿನ ಪಾಠ ಬರೆದಿದ್ದೆ. ಎರಡು ಸಲ ಓದಿದ್ದರೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಅಂಕಿ ಇಳಿಯಿತು ಎಂದು ನೀನು ಬರೆದಾಗಲೆಲ್ಲ, ನನಗೆ ಹಾಗನಿಸದಿದ್ದರೂ, ಒಳಗೆಲ್ಲೋ ವಾಸಿಯಾಗುತ್ತಿರಬೇಕು ಎಂದು ಖುಷಿಪಟ್ಟೆ.

ಆದರೆ ಎಲ್ಲವೂ ಹಾಳಾಗಿಲ್ಲ. ಕಲಸಿದ ಪ್ರಮಾಣವನ್ನು ಬರೆದಿಟ್ಟುಕೊಳ್ಳದ ಪೇಂಟರ್ ಪೇಂಟರೇ ಅಲ್ಲ, ನಾಳೆ ಅದೇ ಬಣ್ಣ ಬೇಕೆಂದರೆ ಎಲ್ಲಿಂದ ತರುತ್ತಾನೆ? ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ಹಾಕಿ ಕ್ಯಾಲೆಂಡರಿನಲ್ಲಿ ಬರೆದಿದ್ದೆ, ಅತ್ತೆಯಿಂದ ಹಾಳೆಗಳನ್ನು ತರಿಸಿದೆ. ಕಫ ಒಂದು ಪಾಲಾದರೆ ನೀರು: ಮಾರ್ಚ್ ಅರ್ಧ. ಏಪ್ರಿಲ್ ಮುಕ್ಕಾಲು. ಮೇ ಒಂದು. ಜೂನ್ ಒಂದೂಕಾಲು. ಜುಲೈ ಒಂದೂವರೆ. ಆಗಸ್ಟ್ ಎರಡು. ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ಇದನ್ನು ಕಳೆದು ಲೆಕ್ಕ ಹಾಕಿದರೆ ನಿಜವಾದ ಅಂಕಿ ಬರುತ್ತದೆ ತಾನೇ? ಮೇಡಂ ಹತ್ತಿರ ಮಾತಾಡು. ತಪ್ಪು ನಮ್ಮಪ್ಪನದು ಎಂದು ಹೇಳು, ಬೇಕಾದರೆ ಈ ಕಾಗದವನ್ನೇ ತೋರಿಸು. ನಿನ್ನ ಕೆಲಸಕ್ಕೆ ಕಲ್ಲು ಬೀಳಬಾರದು.

ಸಾಕು. ಎದ್ದ ಮೇಲೆ ಏನಾದರೂ ತಿನ್ನು.

ಅಪ್ಪ


ನವೆಂಬರ್ 11

ಅತ್ತೆ,

ಅಪ್ಪ ಹೋಗಿ ಏಳು ವಾರವಾಯಿತು. ನಿನಗೆ ಕಾಗದ ಬರೆಯಲು ಕೂತಾಗಲೆಲ್ಲ ಎದ್ದುಹೋಗುತ್ತಿದ್ದೆ.

ನನ್ನ ಕೆಲಸ ಉಳಿಯಿತು. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೂವತ್ತೊಂದನ್ನು ಮಾತ್ರ ಅಧ್ಯಯನದಿಂದ ತೆಗೆದುಹಾಕಿದರು. ಬೆರೆಸಿದ ನೀರನ್ನು ಕಳೆದು ಹಾಕಿದ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ ಎಂದರು. ನಾನೂ ಹಾಗೆಯೇ ಹೇಳುತ್ತಿದ್ದೆ.

ಆದರೂ ಅಪ್ಪ ಕೇಳಿದ್ದ ಎಂದು ಲೆಕ್ಕ ಹಾಕಿದೆ. ಹತ್ತು ನಿಮಿಷದ ಕೆಲಸ. ಮಾರ್ಚ್ 6.3, ಏಪ್ರಿಲ್ 6.8, ಮೇ 7.2. ಅಲ್ಲಿಂದ ಮುಂದಕ್ಕೂ ಏರುತ್ತಲೇ ಹೋಗಿದೆ, ಒಂದು ತಿಂಗಳೂ ಇಳಿದಿಲ್ಲ. ರಜೆಯನ್ನು ಮುಂದಕ್ಕೆ ಹಾಕಿದ ತಿಂಗಳಲ್ಲಿ ಏರಿದೆ, ಗೆರೆಯನ್ನು ಪರದೆಯ ಮೇಲೆ ಹಾಕಿ ಮೆಚ್ಚಿದ ತಿಂಗಳಲ್ಲಿ ಏರಿದೆ. ಆಗಸ್ಟಿನದು 8.7. ನಾನು ಡಾಕ್ಟರಿಗೆ 2.9 ಎಂದು ಹೇಳಿದ ಹೊತ್ತಿನಲ್ಲಿ ಅಪ್ಪನ ಎದೆಯಲ್ಲಿ ಇದ್ದದ್ದು 8.7.

ಮೊನ್ನೆ ಅವನ ಕಾಗದಪತ್ರ ತರಲು ಕ್ಲಿನಿಕ್ಕಿಗೆ ಹೋಗಿದ್ದೆ. ಬಂದವಳು ನಿನ್ನನ್ನು ನೋಡದೆಯೇ ವಾಪಸ್ಸಾದೆ, ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ಡಾಕ್ಟರು ಕೂರಿಸಿ ಹೇಳಿದ್ದನ್ನು ಕೇಳಿದ ಮೇಲೆ ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ಆಗಸ್ಟಿನಲ್ಲಿ ಅವರು ನನಗೆ ಫೋನ್ ಮಾಡಿದಾಗ ಅಪ್ಪ ಎದುರಿನ ಕುರ್ಚಿಯಲ್ಲೇ ಕೂತಿದ್ದನಂತೆ. ಫೋನು ಸ್ಪೀಕರಿನಲ್ಲಿತ್ತಂತೆ. ನನಗದು ಗೊತ್ತಿರಲಿಲ್ಲ. ನೀನು ಆವತ್ತು ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದೆಯಂತೆ, ಅಪ್ಪ ಒಬ್ಬನೇ ಆಟೋ ಮಾಡಿಕೊಂಡು ಬಂದಿದ್ದನಂತೆ. ಕೈಯಲ್ಲಿ ಬಟ್ಟೆಯ ಚೀಲವಿತ್ತಂತೆ. ಎರಡು ಅಂಗಿ, ಟವಲ್ಲು, ಲೋಟ, ಕನ್ನಡಕ. ಆಸ್ಪತ್ರೆಗೆ ಸೇರಿಕೊಳ್ಳಲೆಂದೇ ಬಂದಿದ್ದನಂತೆ ಅತ್ತೆ, ಯಾರೂ ಹೇಳದೆ, ತಾನಾಗಿಯೇ. "ಇನ್ನು ನನ್ನ ಕೈಲಾಗಲ್ಲ ಸಾರ್, ಸೇರಿಸ್ಕೊಳ್ಳಿ" ಎಂದನಂತೆ. ಅದಕ್ಕೇ ಅವರು ನನಗೆ ಫೋನ್ ಮಾಡಿದ್ದು.

ನಾನು ಅಂಕಿ ಹೇಳಿ, "ಇನ್ನೊಂದು ತಿಂಗಳು ನೋಡೋಣ ಸರ್" ಎಂದೆ. ಡಾಕ್ಟರು ಫೋನ್ ಇಟ್ಟು ಅಪ್ಪನ ಮುಖ ನೋಡಿದರಂತೆ. ಅಪ್ಪ ನಕ್ಕನಂತೆ. "ನೋಡಿದ್ರಾ ಸಾರ್ ನನ್ನ ಮಗಳು ಎಷ್ಟು ಗಟ್ಟಿಯಾಗಿ ಹೇಳಿದ್ಲು. ನಾನೇ ಸುಮ್ನೆ ಹೆದರಿದ್ದೆ" ಎಂದು ಎದ್ದನಂತೆ. ಚೀಲ ಕೆಳಗಿನವರೆಗೆ ಹೊತ್ತುಕೊಡಲು ನರ್ಸಮ್ಮ ಬಂದರೆ, ಬೇಡ, ನನಗೀಗ ವಾಸಿಯಾಗಿದೆ ಎಂದು ತಾನೇ ಎತ್ತಿಕೊಂಡು ಮೆಟ್ಟಿಲು ಇಳಿದನಂತೆ.

ನಿನ್ನ ಪುಟ್ಟಿ